ಕಪ್ಪು ಕೂದಲಿನ ಬೇರು ಮತ್ತು ಕತ್ತರಿಸಿದ ಪಾಠ

ನಿವೃತ್ತಿಯ ದಿನ ನನಗೆ ಬಂಗಾರದ ಬಣ್ಣ ಬಳಿದ ಅಣಬೆಯೊಂದನ್ನು ಉಡುಗೊರೆಯಾಗಿ ಕೊಟ್ಟರು. ಅದರ ಹೆಸರು ಲಿಂಗ್‌ಝಿ. ತಾವೋ ಪಂಥದ ಹಳೆಯ ಚಿತ್ರಗಳಲ್ಲಿ ಜಿಂಕೆಯೊಂದು ಬಾಯಲ್ಲಿ ಕಚ್ಚಿಕೊಂಡು ಬರುತ್ತದಲ್ಲ, ಮೋಡದ ಆಕಾರದ್ದು, ಅದೇ. ಅಮರತ್ವದ ಅಣಬೆ ಎನ್ನುತ್ತಾರೆ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೂ ಅದನ್ನು ಕೈಯಲ್ಲಿ ಹಿಡಿದು ಫೋಟೋಕ್ಕೆ ನಿಂತಾಗ ನನ್ನ ಮುಖದಲ್ಲಿ ನಗು ಮೂಡಲಿಲ್ಲ. ಫೋಟೋ ನೋಡಿದವರೆಲ್ಲ, "ಆಂಟಿ ಯಾಕೆ ಸಿಟ್ಟಾಗಿದ್ದಾರೆ?" ಎಂದು ಕೇಳಿದರಂತೆ. ಹೌದು, ಸಿಟ್ಟಾಗಿದ್ದೆ. ಈಗಲೂ ಇದ್ದೇನೆ.

ಟೆಕ್ಸಾಸಿನಲ್ಲಿ ಚೀನೀ ಗಿಡಮೂಲಿಕೆಗಳ ವೈದ್ಯೆಯಾಗಿ ನಾನು ಇಡೀ ಜೀವನ ದುಡಿದೆ. ಹ್ಯೂಸ್ಟನ್ನಿನಲ್ಲಿ ಕಲಿತೆ, ಆಸ್ಟಿನ್ನಿನಲ್ಲಿ ಕಲಿಸಿದೆ, ಡಾಲಸ್ಸಿನ ಕಡೆ ಬಂದು ಲಿಟಲ್ ಎಲ್ಮ್‌ನಲ್ಲಿ ಕ್ಲಿನಿಕ್ ನಡೆಸಿದೆ. ಈಗ ನಮ್ಮವರ ಮಕ್ಕಳೇ ಈ ಕೆಲಸಕ್ಕೆ ಬರುತ್ತಿದ್ದಾರೆ. ಫೋನ್ ಮಾಡಿ, "ಆಂಟಿ, ಸ್ಕೋಪ್ ಹೇಗಿದೆ?" ಎಂದು ಕೇಳುತ್ತಾರೆ. ಸ್ಕೋಪ್ ಬಹಳ ಚೆನ್ನಾಗಿದೆ, ಮಕ್ಕಳೇ. ನನ್ನ ಸಿಟ್ಟಿಗೆ ಅದೇ ಕಾರಣ. ಯಾವುದರ ಸ್ಕೋಪು, ಯಾರಿಗೆ ಲಾಭ, ಯಾರ ಮೈಗೆ ಅಪಾಯ ಎಂಬುದನ್ನು ಬರೆದಿಡುತ್ತೇನೆ. ಓದಿದ ಮೇಲೂ ಬರಬೇಕೆನಿಸಿದರೆ ಬನ್ನಿ.

ಧಾರವಾಡದಲ್ಲಿ ನಾನು ಬಿ.ಫಾರ್ಮ್ ಮುಗಿಸಿದವಳು. ಮದುವೆಯಾಗಿ ಹ್ಯೂಸ್ಟನ್ನಿಗೆ ಬಂದಾಗ ನನ್ನ ಡಿಗ್ರಿಗೆ ಇಲ್ಲಿ ಬೆಲೆ ಇರಲಿಲ್ಲ. ಮತ್ತೆ ಓದಿ ಪರೀಕ್ಷೆ ಬರೆಯಬೇಕಿತ್ತು. ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಗೆ ಹೋಗುವುದು, ಬರುವುದು, ಅಡುಗೆ ಮಾಡುವುದು, ದಿನ ಹೋಗುತ್ತಿರಲಿಲ್ಲ. ಒಂದು ಸಲ ಗಂಡನ ಸಹೋದ್ಯೋಗಿಯೊಬ್ಬರ ಜೊತೆ ಚೀನೀಯರ ಅಂಗಡಿಗಳ ಬೀದಿಗೆ ಹೋಗಿದ್ದೆವು. ಅಲ್ಲಿನ ಔಷಧಿ ಅಂಗಡಿಯೊಂದರ ಬಾಗಿಲಿಗೆ ಉದ್ದನೆಯ ಹಸಿರು ಎಲೆಗಳನ್ನು ಕಟ್ಟಿ ನೇತುಹಾಕಿದ್ದರು. ದಾಟಿ ಹೋಗುವಾಗ ಮೂಗಿಗೆ ಬಡಿದ ವಾಸನೆಗೆ ನಾನು ಅಲ್ಲೇ ನಿಂತುಬಿಟ್ಟೆ. ಎಲೆಯೊಂದನ್ನು ಉಗುರಿನಿಂದ ಚಿವುಟಿ ಮೂಸಿದೆ. ಬಜೆ! ಎಳೆಗೂಸುಗಳಿಗೆ ನಮ್ಮ ಅಜ್ಜಿ ತೇಯ್ದು ನಾಲಿಗೆಗೆ ಸವರುತ್ತಿದ್ದ ಬಜೆ.

"ಮುಟ್ಟಬೇಡ!" ಎಂದು ಒಳಗಿನಿಂದ ಒಬ್ಬ ಹೆಂಗಸು ಕೂಗಿದಳು. ಗುಂಗುರು ಮಾಡಿಸಿದ ಕೂದಲು, ತುಟಿಗೆ ಕೆಂಪು ಬಣ್ಣ, ಕೈಯಲ್ಲಿ ತಕ್ಕಡಿ. ಅವರೇ ಗುವೋ ಮೇಡಂ, ಅಂಗಡಿಯ ಒಡತಿ. ತೈವಾನಿನ ತೈನಾನ್ ಊರಿನವರು, ಅಪ್ಪ ಅಲ್ಲಿಯ ತಾವೋ ಗುಡಿಯೊಂದರ ಪೂಜಾರಿ.

"ಇದನ್ನು ನಮ್ಮ ಊರಲ್ಲಿ ಮಕ್ಕಳಿಗೆ ಕೊಡುತ್ತೇವೆ," ಎಂದೆ.

"ಯಾಕೆ?"

"ಮಾತು ಬೇಗ ಬರಲಿ ಅಂತ. ದೃಷ್ಟಿ ತಾಗದಿರಲಿ ಅಂತ ಕೈಗೂ ಕಟ್ಟುತ್ತೇವೆ."

ಅವರು ಕಣ್ಣು ಸಣ್ಣದು ಮಾಡಿ ನನ್ನನ್ನು ನೋಡಿದರು. "ನಮ್ಮಲ್ಲಿ ಇದು ಕತ್ತಿ. ಎಲೆಯ ಆಕಾರ ನೋಡು. ಐದನೆಯ ತಿಂಗಳಲ್ಲಿ ಸೆಕೆ ಜಾಸ್ತಿ, ಹುಳ ಹುಪ್ಪಟೆ ಜಾಸ್ತಿ, ರೋಗ ಜಾಸ್ತಿ. ಬಾಗಿಲಿಗೆ ಕತ್ತಿ ಕಟ್ಟುತ್ತೇವೆ. ನಾಳೆಯಿಂದ ಕೆಲಸಕ್ಕೆ ಬರುತ್ತೀಯಾ?"

ನಮ್ಮಿಬ್ಬರದೂ ಮುರುಕು ಇಂಗ್ಲಿಷ್. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ. ಸುಮಂಗಲಾ ಎಂಬ ನನ್ನ ಹೆಸರು ಅವರ ಬಾಯಲ್ಲಿ ಮೊದಲ ದಿನವೇ "ಸು" ಆಯಿತು, ಕೊನೆಯವರೆಗೂ ಹಾಗೇ ಉಳಿಯಿತು.

ಗುವೋ ಮೇಡಂ ಶಾಂತಮೂರ್ತಿ, ಜ್ಞಾನಿ ಎಂದೆಲ್ಲ ಅಂದುಕೊಳ್ಳಬೇಡಿ. ಮಹಾ ಸಿಡುಕಿ. ಮಾಜಾಂಗ್ ಆಟದಲ್ಲಿ ಸೋತ ಮರುದಿನ ಅಂಗಡಿಯಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ನಾನು ತೂಗಿದ ಮೂಲಿಕೆಯನ್ನು ಗಿರಾಕಿಯ ಎದುರೇ ಡ್ರಾಯರಿಗೆ ಸುರಿದು ಮತ್ತೆ ತೂಗಿಸುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಅವರ ಸಿಟ್ಟು ನನಗೆ ಪಾಠವಾಯಿತು.

ಒಂದು ಮಧ್ಯಾಹ್ನ ಬೂಟು, ದೊಡ್ಡ ಟೋಪಿ ಹಾಕಿಕೊಂಡ ಎತ್ತರದ ಅಮೆರಿಕನ್ ಒಬ್ಬ ಬಂದ. ಟಿವಿಯಲ್ಲಿ ನೋಡಿದ್ದನಂತೆ. "ಸಾಯದ ಹಾಗೆ ಮಾಡುವ ಅಣಬೆ ಬೇಕು," ಎಂದ. ಅರ್ಧ ತಮಾಷೆ, ಅರ್ಧ ನಿಜ.

ಗುವೋ ಮೇಡಂ ಕೇಳಿದರು: "ಸಾಯದೆ ಇದ್ದು ಏನು ಮಾಡುತ್ತೀರಿ?"

ಅವನು ನಕ್ಕ. ಅವರು ನಗಲಿಲ್ಲ. "ಯಾವ ಮಾತ್ರೆ ತಗೊಳ್ತೀರಿ?" ಎಂದು ಕೇಳಿದರು. ಹೃದಯದ ತೊಂದರೆಗೆ, ರಕ್ತ ಹೆಪ್ಪುಗಟ್ಟದಿರಲಿ ಎಂದು ಮಾತ್ರೆ ತೆಗೆದುಕೊಳ್ಳುತ್ತಿದ್ದನಂತೆ. "ಹಾಗಾದರೆ ಇಲ್ಲ. ಎರಡೂ ಸೇರಿದರೆ ರಕ್ತ ನಿಲ್ಲದೆ ಹರಿಯಬಹುದು. ಡಾಕ್ಟರನ್ನು ಕೇಳಿ ಬನ್ನಿ," ಎಂದು ಡಬ್ಬಿ ಮುಚ್ಚಿದರು. ಅವನು ಜಾಸ್ತಿ ಕೊಡುತ್ತೇನೆಂದ. ಅವರು ಬಾಗಿಲು ತೋರಿಸಿದರು.

ಅವನು ಹೋದ ಮೇಲೆ ನಾನು ಕೇಳಿದೆ, "ಹಾಗಾದರೆ ನಿಮ್ಮ ಗೋಡೆಯ ಮೇಲಿನ ಚಿತ್ರದಲ್ಲಿ ಜಿಂಕೆಯ ಬಾಯಲ್ಲಿ ಯಾಕೆ ಅದು?"

"ನಮ್ಮ ಅಪ್ಪ ಹೇಳುತ್ತಿದ್ದರು. ಲಿಂಗ್‌ಝಿ ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ಬೆಟ್ಟ ಹತ್ತಬೇಕು, ಆಸೆ ಕಳೆದಿರಬೇಕು, ಮನಸ್ಸು ಶಾಂತವಾಗಿರಬೇಕು. ಅಂಥವನಿಗೆ ಮಾತ್ರ ಕಾಣುತ್ತದೆ. ಆದರೆ ಆಸೆ ಕಳೆದವನಿಗೆ ಸಾಯದೇ ಇರಬೇಕೆಂಬ ಆಸೆ ಎಲ್ಲಿರುತ್ತದೆ? ಅವನು ನೋಡಿ, ಸಂತೋಷಪಟ್ಟು, ಕೀಳದೆ ಇಳಿದು ಬರುತ್ತಾನೆ. ಅದಕ್ಕೇ ಜಿಂಕೆ ತಿನ್ನುತ್ತದೆ." ಹೇಳಿ ಮುಗಿಸಿ ಗಹಗಹಿಸಿ ನಕ್ಕರು. ಅವರು ಹಾಗೆ ನಗುವುದು ಅಪರೂಪ.

ಹೀಗೆ ಒಂದೊಂದನ್ನೇ ಕಲಿತೆ. ಪೈನ್ ಮರದ ಬೇರಿನಲ್ಲಿ ನೆಲದೊಳಗೆ ಬಿಳಿ ಗಡ್ಡೆಯಾಗಿ ಬೆಳೆಯುವ ಫುಲಿಂಗ್ ಎಂಬುದಿದೆ. ಪೈನ್ ಚಳಿಗಾಲದಲ್ಲೂ ಹಸಿರಾಗಿರುವ ಮರ, ಆದ್ದರಿಂದ ಅದು ದೀರ್ಘಾಯುಸ್ಸಿನ ಗುರುತು. ಮರದ ಜೀವಸಾರ ಮಣ್ಣಿಗಿಳಿದು ಹೀಗೆ ಗಟ್ಟಿಯಾಯಿತು ಎಂದು ತಾವೋ ಪಂಥದವರ ನಂಬಿಕೆ. ಮನಸ್ಸು ಚದುರಿದವರಿಗೆ ಅದನ್ನು ಕೊಡುವಾಗ, "ಇದು ಕೆಳಗೆ ಇಳಿದು ಕೂತದ್ದು, ನೀನೂ ಸ್ವಲ್ಪ ಕೂತುಕೋ" ಎನ್ನುತ್ತಿದ್ದರು. ಸೇವಂತಿಗೆ ಬೇರೆ ಹೂಗಳೆಲ್ಲ ಹೋದ ಮೇಲೆ ಅರಳುತ್ತದೆ. ವಯಸ್ಸಾದವರ ಹೂ ಅದು. ಪಾದರಸದ ಕೆಂಪು ಅದಿರನ್ನು ಅಮೃತವೆಂದು ಕುಡಿದು ಸತ್ತ ಚಕ್ರವರ್ತಿಗಳ ಕಥೆಯನ್ನಂತೂ ತಿಂಗಳಿಗೊಮ್ಮೆ ಹೇಳುತ್ತಿದ್ದರು. "ಅಷ್ಟು ಜನ ಅರಸರು ಸತ್ತ ಮೇಲೆ ನಮ್ಮವರಿಗೆ ಬುದ್ಧಿ ಬಂತು, ಸು. ಒಲೆ ಹೊಟ್ಟೆಯಲ್ಲಿದೆ, ಬೆಂಕಿ ಉಸಿರಿನಲ್ಲಿದೆ, ಔಷಧಿ ನಿನ್ನೊಳಗೇ ಇದೆ ಎಂದರು. ಮೂಲಿಕೆಯ ಮಾತು ಬದುಕುವ ರೀತಿಯ ಮಾತಾಯಿತು. ಆದರೂ ಜನರಿಗೆ ಕುಡಿಯುವುದೇ ಬೇಕು."

ಅರ್ಥ ಬೇರೆ, ಔಷಧಿಯ ಪ್ರಮಾಣ ಬೇರೆ. ಅರ್ಥವನ್ನು ಮನಸ್ಸಿಗೆ ಕೊಡಬೇಕು, ಪ್ರಮಾಣವನ್ನು ಮೈಗೆ ಕೊಡಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಕೊಟ್ಟವನನ್ನು ನಾನು ವೈದ್ಯನೆಂದು ಕರೆಯುವುದಿಲ್ಲ. ಗುವೋ ಮೇಡಂ ಅಂಗಡಿಯಲ್ಲಿ ಕಲಿತದ್ದು ಇಷ್ಟೇ. ನೀವೂ ಇಷ್ಟನ್ನು ಕಲಿತರೆ ಸಾಕು.

ಆಮೇಲೆ ನಾನು ಆಸ್ಟಿನ್ನಿಗೆ ಹೋಗಿ ಓದಿದೆ, ಲೈಸೆನ್ಸ್ ಪಡೆದೆ, ಅಲ್ಲಿನ ಒಂದು ಕಾಲೇಜಿನಲ್ಲೇ ಪಾಠ ಮಾಡಲು ನಿಂತೆ. ಅಲ್ಲಿನ ನಿರ್ದೇಶಕರು ಬಿಳಿ ಕೋಟು ಹಾಕಿಕೊಂಡು ಓಡಾಡುವವರು. ಆಸ್ಪತ್ರೆಯ ಡಾಕ್ಟರುಗಳು ನಮ್ಮನ್ನು ಗಂಭೀರವಾಗಿ ತೆಗೆದುಕೊಳ್ಳಬೇಕೆಂಬುದು ಅವರ ಆಸೆ. ಆಸೆ ತಪ್ಪಲ್ಲ. ಆದರೆ ಅದಕ್ಕಾಗಿ ಅವರು ಗೋಡೆಯ ಮೇಲಿದ್ದ ಜಿಂಕೆಯ ಚಿತ್ರ ತೆಗೆಸಿದರು. ನನ್ನ ಪಾಠದ ಮಧ್ಯೆ ಒಳಗೆ ಬಂದು, ಎಲ್ಲರ ಎದುರೇ ಹೇಳಿದರು: "ಸುಮಂಗಲಾ, ಪುರಾಣ ಬೇಡ. ರಾಸಾಯನಿಕ ಅಂಶಗಳನ್ನು ಹೇಳಿ, ಸಾಕು."

"ಪುರಾಣ ನಾವು ಹೇಳದಿದ್ದರೆ ಬೇರೆ ಯಾರೋ ಹೇಳುತ್ತಾರೆ ಸರ್," ಎಂದೆ.

"ಹೇಳಲಿ ಬಿಡಿ."

ಹೇಳಿದರು. ಅದನ್ನೇ ಈಗ ಬರೆಯುತ್ತಿರುವುದು. ಅರ್ಥ ಬಲ್ಲವರು ಬಾಯಿ ಮುಚ್ಚಿಕೊಂಡರು, ಆ ಜಾಗಕ್ಕೆ ಮಾರುವವರು ಬಂದರು. ಬಿಳಿ ಕೋಟಿನವರ ಮೇಲೆ ನನಗೆ ಇರುವ ಸಿಟ್ಟು ಮಾರುವವರ ಮೇಲಿರುವುದಕ್ಕಿಂತ ಕಡಿಮೆಯೇನಲ್ಲ.

ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ನಾನು ಸೇರಿದಾಗ ರೋಗಿ ಮೂಲಿಕೆಯ ಪೊಟ್ಟಣ ಮನೆಗೆ ಒಯ್ದು ಮಡಕೆಯಲ್ಲಿ ಕುದಿಸುತ್ತಿದ್ದ. ಮನೆಯೆಲ್ಲ ವಾಸನೆ, ಬಾಯೆಲ್ಲ ಕಹಿ. ಆ ಕಹಿಯಿಂದಲೇ ಯಾರೂ ಬೇಕಾಬಿಟ್ಟಿ ಕುಡಿಯುತ್ತಿರಲಿಲ್ಲ. ನಂತರ ಬಿಸಿನೀರಿಗೆ ಕಲಸುವ ಪುಡಿ ಬಂತು. ಆಮೇಲೆ ಕ್ಯಾಪ್ಸೂಲ್. ಕೊನೆಗೆ ಮಕ್ಕಳ ಪೆಪ್ಪರ್‌ಮಿಂಟಿನ ಹಾಗೆ ಜಗಿಯುವ ಗಮ್ಮಿ, ಸ್ಟ್ರಾಬೆರಿ ರುಚಿಯದು. ಕಹಿ ಹೋಯಿತು, ಜೊತೆಗೆ ಹೆದರಿಕೆಯೂ ಹೋಯಿತು.

ಡಾಲಸ್ ಕಡೆಗೆ ಶಿಫ್ಟ್ ಆಗಿ ಕ್ಲಿನಿಕ್ ಇಟ್ಟ ಕೆಲವು ವರ್ಷಗಳ ಮೇಲೆ ಕಾರ್ತಿಕ್ ಬಂದ. ಬೆಂಗಳೂರಿನ ಹುಡುಗ, ಇಲ್ಲೇ ಎಂಬಿಎ ಮಾಡಿದವನು, ಪಕ್ಕದ ಊರಾದ ಫ್ರಿಸ್ಕೋದಲ್ಲಿ ಗಿಡಮೂಲಿಕೆಯ ಕಂಪನಿ ಶುರು ಮಾಡಿದ್ದ. ಕಾಲಿಗೆ ಬಿದ್ದು ನಮಸ್ಕಾರ ಮಾಡಿದ.

"ಆಂಟಿ, ನೀವು ತಾವೋ ಸಿಂಬಲಿಸಂ ಬಗ್ಗೆ ಮಾತಾಡ್ಬೇಕು. ಯಾರೂ ಇದನ್ನ ಸರಿಯಾಗಿ ಹೇಳ್ತಿಲ್ಲ. ನಾವು ರೆಕಾರ್ಡ್ ಮಾಡ್ತೀವಿ, ನಿಮಗೆ ಇಷ್ಟ ಬಂದ ಹಾಗೆ ಹೇಳಿ."

ಇಷ್ಟ ಬಂದ ಹಾಗೆ! ಕಾಲೇಜಿನಲ್ಲಿ ಬಾಯಿ ಕಟ್ಟಿಸಿಕೊಂಡಿದ್ದ ನನಗೆ ಆ ಮಾತು ಎಷ್ಟು ಹಿತವಾಗಿತ್ತು ಎಂದರೆ, ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಒಂದೊಂದು ಮೂಲಿಕೆಗೂ ಒಂದು ಪಾಠ. ಪ್ರತಿ ಪಾಠದಲ್ಲಿ ಮೊದಲು ಕಥೆ, ನಂತರ ಆ ಕಥೆಯ ಅರ್ಥ, ಕೊನೆಗೆ ಯಾರು ತೆಗೆದುಕೊಳ್ಳಬಾರದು ಎಂಬ ಎಚ್ಚರಿಕೆ. ಕಾರ್ತಿಕ್ ಕ್ಯಾಮೆರಾದ ಹಿಂದೆ ನಿಂತು ತಲೆದೂಗುತ್ತಿದ್ದ. ಒಪ್ಪಂದಕ್ಕೆ ಸಹಿ ಹಾಕಿದೆ. ಆ ಕಂಪನಿಯ ಹೆಸರನ್ನು ನಾನು ಇಲ್ಲಿ ಬರೆಯುವಂತಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಲಲಿತಾ ನನ್ನ ಗೆಳತಿ. ಬಾಗಲಕೋಟೆಯವಳು, ಫ್ರಿಸ್ಕೋದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ಮಹೇಶ ಸಿವಿಲ್ ಇಂಜಿನಿಯರ್. ಲಲಿತಾಳಿಗೆ ಸ್ತನದ ಕ್ಯಾನ್ಸರ್ ಆಗಿ, ಕೀಮೋ ಆಗಿ, ಗುಣವಾಗಿದ್ದಳು. ಹೋಗಿದ್ದ ಕೂದಲು ಮರಳಿ ಬಂತು, ಆದರೆ ತೆಳ್ಳಗೆ, ಬೂದಿ ಬಣ್ಣದಲ್ಲಿ. ಮಗಳು ಅನಘಾಳ ಮದುವೆ ಗೊತ್ತಾಗಿತ್ತು. ಕನ್ನಡಿಯ ಮುಂದೆ ನಿಂತು, "ಬೀಗರ ಮುಂದ ಹೆಂಗ ನಿಂದ್ರಲಿ?" ಎಂದು ಅಳುತ್ತಿದ್ದಳೆಂದು ಮಹೇಶ ಹೇಳುತ್ತಿದ್ದರು. ಕೀಮೋ ಆದ ಮೈಗೆ ಕೂದಲಿನ ಬಣ್ಣ ಹಚ್ಚಲು ಅವಳಿಗೆ ಭಯ. ಸಹಜವಾದದ್ದು ಏನಾದರೂ ಬೇಕಿತ್ತು.

ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಅಡುಗೆಮನೆಯ ಕಿಟಕಿಯ ಹತ್ತಿರ ಲಲಿತಾ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ಬೆಳಕು ಅವಳ ಮುಖದ ಮೇಲೆ ನೇರ ಬಿದ್ದಿತ್ತು. ಅವಳ ಕಣ್ಣಿನ ಬಿಳಿ ಭಾಗ ಹಳದಿಯಾಗಿತ್ತು.

"ಲಲಿತಾ, ಮೈಯಾಗ ಹೆಂಗೈತಿ?"

"ಹೊಟ್ಟಿ ತೊಳಸ್ತೈತಿ ಒಂದೀಟು. ಊಟ ಸೇರವಲ್ದು. ಫ್ಲೂ ಇರಬೇಕು."

"ಏನರ ಹೊಸಾದು ತಗೊಳ್ಳಾಕತ್ತೀಯೇನು?"

"ಔಷಧಿ ಏನಿಲ್ಲ." ನಾಚಿಕೊಂಡವಳ ಹಾಗೆ ನಕ್ಕಳು. "ಒಂದು ಪುಡಿ ಐತಿ. ಕೂದಲಿಗೆ. ನಿನಗ ಗೊತ್ತಿರೋದ ಅದು."

ಪರ್ಸಿನಿಂದ ತೆಗೆದು ತೋರಿಸಿದಳು. ಕಪ್ಪು ಪೊಟ್ಟಣ. ಮೇಲೆ ಉದ್ದ ಗಡ್ಡದ ಒಬ್ಬ ಚೀನೀ ಮುನಿ, ಅವನ ಜುಟ್ಟು ಕಡುಗಪ್ಪು. ಒಳಗಿನದು ಹೆ ಶೌ ವು ಎಂಬ ಬೇರಿನ ಪುಡಿ. "ಹೆ ಎಂಬುವವನ ಕಪ್ಪು ತಲೆ" ಎಂದು ಆ ಹೆಸರಿನ ಅರ್ಥ. ಪೊಟ್ಟಣದ ಹಿಂದೆ ಫೋನಿನಿಂದ ಸ್ಕ್ಯಾನ್ ಮಾಡುವ ಚೌಕವಿತ್ತು. ಸ್ಕ್ಯಾನ್ ಮಾಡಿದೆ.

ನನ್ನದೇ ಮುಖ ಬಂತು. ಅದೇ ರೇಷ್ಮೆ ಸೀರೆ. ನಾನೇ ಹೇಳುತ್ತಿದ್ದೆ: "ಹೆ ಮನೆತನದ ಒಬ್ಬ ವೃದ್ಧ ಬೆಟ್ಟದಲ್ಲಿ ಮಲಗಿದ್ದಾಗ, ಎರಡು ಬಳ್ಳಿಗಳು ಒಂದನ್ನೊಂದು ತಬ್ಬಿಕೊಳ್ಳುವುದನ್ನು ಕಂಡ. ಅವುಗಳ ಬೇರನ್ನು ಅಗೆದು ತಿಂದ. ಅವನ ಕೂದಲು ಕಪ್ಪಾಯಿತು, ಅವನಿಗೆ ಮಕ್ಕಳಾದರು." ಅಲ್ಲಿಗೆ ಸಂಗೀತ ಬಂದು, ಪೊಟ್ಟಣದ ಚಿತ್ರ ಬಂದು, ಮುಗಿದುಹೋಯಿತು. ನಾನು ಹೇಳಿದ ಅರ್ಥ ಇಲ್ಲ. ಎಚ್ಚರಿಕೆ ಇಲ್ಲ. ಆ ಬೇರನ್ನು ಕರಿ ಸೋಯಾ ಕಾಳಿನ ರಸದಲ್ಲಿ ಬೇಯಿಸಿ ಒಣಗಿಸಿ ಹದ ಮಾಡಿದ ಮೇಲೂ ಕೆಲವರ ಲಿವರ್ ಕೆಡಿಸುತ್ತದೆ, ಲಿವರಿಗೆ ಈಗಾಗಲೇ ಭಾರವಾಗುವ ಮಾತ್ರೆ ತೆಗೆದುಕೊಂಡವರು ಮುಟ್ಟಲೇಬಾರದು ಎಂದು ನಾನು ಕೈ ಎತ್ತಿ ಹೇಳಿದ್ದೆ. ಒಂದಕ್ಷರವೂ ಉಳಿದಿರಲಿಲ್ಲ.

ಪೂಜೆ ಅರ್ಧಕ್ಕೆ ಬಿಟ್ಟು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಪ್ಲೇನೋದ ಆಸ್ಪತ್ರೆಗೆ ಡ್ರೈವ್ ಮಾಡಿದೆ. ಹಿಂದಿನ ವಾರವೇ ಅವಳ ಡಾಕ್ಟರು, "ಬೇರೆ ಏನಾದರೂ ಸಪ್ಲಿಮೆಂಟ್ ತಗೊಳ್ತಿದ್ದೀರಾ?" ಎಂದು ಕೇಳಿದ್ದರಂತೆ. ಮಹೇಶ "ಇಲ್ಲ" ಎಂದಿದ್ದರು. ಸುಳ್ಳು ಹೇಳಿದ್ದಲ್ಲ. ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ, ಸುಮಂಗಲಾ ಹೇಳಿದ ಪುಡಿ.

ಲಿವರ್ ತೀವ್ರವಾಗಿ ಕೆಟ್ಟಿತ್ತು. ಬದಲಿ ಲಿವರ್ ಬೇಕಾಗಬಹುದು ಎಂದು ಡಾಕ್ಟರು ಹೇಳಿದಾಗ ಅನಘಾ ನನ್ನ ಕಡೆ ತಿರುಗಿ, ಇಂಗ್ಲಿಷಿನಲ್ಲಿ, "ನೀವು ಇದನ್ನೇ ತಾನೆ ಜೀವನವಿಡೀ ಮಾಡಿದ್ದು?" ಎಂದಳು. ಒಳಗೆ ಹೋದರೆ ಲಲಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಬ್ಯಾರೆ ಯಾರರ ಹೇಳಿದ್ರ ನಾ ತಗೋತಿರ್ಲಿಲ್ಲ ಸುಮಂಗಲಾ. ನೀ ಹೇಳಿದಿ ಅಂತ ತಗೊಂಡೆ. ಇನ್ನ ಬರಬ್ಯಾಡ ನೀ."

ಎದ್ದು ಬಂದೆ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಸ್ಟೀರಿಂಗನ್ನು ಮುಷ್ಟಿಯಿಂದ ಗುದ್ದಿದೆ. ಅವಳ ಮೇಲೆ ಸಿಟ್ಟಲ್ಲ. ಅವಳು ನನ್ನನ್ನು ನಂಬಿದ್ದಳು. ಆ ನಂಬಿಕೆಯನ್ನು ಕತ್ತರಿಯಿಂದ ಕತ್ತರಿಸಿ ಪೊಟ್ಟಣಕ್ಕೆ ಅಂಟಿಸಿ ಮಾರಿದ್ದರು.

ನೇರ ಕಾರ್ತಿಕ್‌ನ ಆಫೀಸಿಗೆ ಹೋದೆ. ಕಾಫಿ ತರಿಸಿದ. ನಾನು ಮುಟ್ಟಲಿಲ್ಲ.

"ಆಂಟಿ, ಟೆನ್ಶನ್ ಮಾಡ್ಕೋಬೇಡಿ. ತುಂಬಾ ಬೇಜಾರಾಯ್ತು ಕೇಳಿ. ಬಟ್ ಪ್ಯಾಕೆಟ್ ಹಿಂದೆ ನೋಡಿ, 'ಡಾಕ್ಟರನ್ನ ಕನ್ಸಲ್ಟ್ ಮಾಡಿ' ಅಂತ ಬರೆದಿದ್ದೀವಿ."

"ಇರುವೆಯಷ್ಟು ಅಕ್ಷರದಾಗ ಬರದೀರಿ. ನಾನು ಬಾಯಿ ಬಿಟ್ಟು ಹೇಳಿದ್ದನ್ನ ಯಾಕ ತೆಗದ್ರಿ?"

"ಆಂಟಿ, ಅದು ಲಾಂಗ್ ಆಗಿತ್ತು. ಜನ ಕೊನೆವರೆಗೆ ನೋಡಲ್ಲ. ನಾವು ಮಾಡಿದ್ದು ಜಸ್ಟ್ ಸ್ಟೋರಿಟೆಲ್ಲಿಂಗ್. ಲಿವರ್ ಪ್ರಾಬ್ಲಂ ಅಂತ ಶುರು ಮಾಡಿದ್ರೆ ಮೂಡ್ ಹೋಗುತ್ತೆ."

"ಲಲಿತಾಂದು ಲಿವರ್ ಹೋಗ್ಯದಪ್ಪ!"

ಅವನು ತಲೆ ತಗ್ಗಿಸಿದ. ನಿಜವಾಗಿಯೂ ಅವನಿಗೆ ಬೇಜಾರಾಗಿತ್ತು ಎನಿಸುತ್ತದೆ. ಆದರೆ ಒಪ್ಪಂದದ ಪ್ರಕಾರ ವಿಡಿಯೋ ಕಂಪನಿಯದು, ಹೇಗೆ ಬೇಕಾದರೂ ಬಳಸಬಹುದು, ತೆಗೆಯಬೇಕಾದರೆ ಬೋರ್ಡಿನವರನ್ನು ಕೇಳಬೇಕು ಎಂದ. ಮುಂದಿನ ತಿಂಗಳು ಆಸ್ಟಿನ್ನಿನಲ್ಲಿ ದೊಡ್ಡ ಎಕ್ಸ್‌ಪೋ ಇದೆ, ಅದಾದ ಮೇಲೆ ನೋಡೋಣ ಎಂದ. ಮಾರಾಟ ಆದ ಮೇಲೆ ನೋಡೋಣ ಎಂದು ಅದರ ಅರ್ಥ. ಬಾಗಿಲವರೆಗೆ ಬಂದು ಮತ್ತೆ ಕಾಲಿಗೆ ಬೀಳಲು ಬಗ್ಗಿದ. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

ನನ್ನ ವಕೀಲೆ ಹೇಳಿದಳು, ಪತ್ರ ಬರೆಯೋಣ, ಕಾಯೋಣ ಎಂದು. ಬರೆದಳು. ಕಾದೆ. ಪೊಟ್ಟಣ ಅಂಗಡಿಗಳಲ್ಲಿ ಇದ್ದೇ ಇತ್ತು. ಹ್ಯೂಸ್ಟನ್ ಬಳಿಯ ಮಿಸೌರಿ ಸಿಟಿಯಿಂದ ಹಳೆಯ ಪರಿಚಯದ ಆಂಟಿಯೊಬ್ಬರು ಫೋನ್ ಮಾಡಿ, "ನಿಮ್ಮ ವಿಡಿಯೋ ತುಂಬಾ ಚೆನ್ನಾಗಿದೆ ಕಣ್ರೀ, ನಮ್ಮ ಯಜಮಾನರಿಗೂ ತರಿಸಿದ್ದೀನಿ," ಎಂದರು. ಆ ಫೋನಿನಲ್ಲಿ ನಾನು ಕಿರುಚಿದ್ದನ್ನು ಅವರು ಈಗಲೂ ಮರೆತಿಲ್ಲ. ಪುಡಿಯನ್ನಂತೂ ಬಿಸಾಡಿದರು. ಆದರೆ ನೋಡಿದ ಎಲ್ಲರಿಗೂ ಫೋನ್ ಮಾಡಿ ಕಿರುಚುವುದು ಹೇಗೆ?

ಎಕ್ಸ್‌ಪೋಗೆ ಟಿಕೆಟ್ ಕೊಂಡು ಆಸ್ಟಿನ್ನಿಗೆ ಹೋದೆ. ದೊಡ್ಡ ಹೋಟೆಲಿನ ಸಭಾಂಗಣ. ಗಮ್ಮಿ, ಪುಡಿ, ಎಣ್ಣೆ, ಕೈಗೆ ಕಟ್ಟುವ ಹರಳು, ಎಲ್ಲಕ್ಕೂ ಒಂದೊಂದು ಟೇಬಲ್ಲು. ವೇದಿಕೆಯ ಮೇಲೆ ಕಾರ್ತಿಕ್ ಮಾತಾಡಿದ. ಹಿಂದಿನ ಪರದೆಯ ಮೇಲೆ ಆಳೆತ್ತರದ ನಾನು, ರೇಷ್ಮೆ ಸೀರೆಯಲ್ಲಿ, ವೃದ್ಧನ ಕಥೆ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಪ್ರಶ್ನೆ ಕೇಳುವವರಿಗೆ ಮೈಕು ಹಿಡಿದುಕೊಂಡು ಒಬ್ಬಳು ಓಡಾಡುತ್ತಿದ್ದಳು. ನಾನು ಕೈ ಎತ್ತಿದೆ.

"ಪರದೆಯ ಮೇಲೆ ಇರುವವಳು ನಾನು," ಎಂದೆ. ಜನ ತಿರುಗಿ ನೋಡಿ ಸಂತೋಷದಿಂದ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. "ಈ ಪಾಠದಲ್ಲಿ ಅರ್ಧವನ್ನು ಕತ್ತರಿಸಿದ್ದಾರೆ. ಉಳಿದದ್ದನ್ನು ಹೇಳಿಬಿಡುತ್ತೇನೆ. ಈ ಬೇರು ಲಿವರ್ ಕೆಡಿಸಬಹುದು. ಯಾರಿಗೆ ಕೆಡಿಸುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಪೊಟ್ಟಣವನ್ನು ಡಾಕ್ಟರಿಗೆ ತೋರಿಸಿ. ನನ್ನ ಗೆಳತಿ ಈಗ ಆಸ್ಪತ್ರೆಯಲ್ಲಿದ್ದಾಳೆ."

ಚಪ್ಪಾಳೆ ನಿಂತಿತು. ಮೈಕು ಸತ್ತಿತು. ಧಾರವಾಡದಲ್ಲಿ ಆರು ಮನೆ ಆಚೆಗೆ ಕೇಳುವಂತೆ ಕರೆದು ಬೆಳೆದವಳಿಗೆ ಮೈಕು ಯಾಕೆ ಬೇಕು? ಮತ್ತೊಮ್ಮೆ ಅದನ್ನೇ ಕೂಗಿ ಹೇಳಿದೆ. ಸೆಕ್ಯೂರಿಟಿಯವನು ಬಂದು, ಪಾಪ, ಬಹಳ ಮರ್ಯಾದೆಯಿಂದ, "ಮ್ಯಾಮ್, ದಯವಿಟ್ಟು" ಎಂದು ಮೊಣಕೈ ಹಿಡಿದ. "ಕಥೆಯ ಅರ್ಥ ಹೇಳುವುದು ಉಳಿಯಿತು," ಎನ್ನುತ್ತಿದ್ದೆ. ಅದಕ್ಕೆ ಬಿಡಲಿಲ್ಲ. ಕಾರ್ತಿಕ್ ವೇದಿಕೆಯ ಮೇಲೆ ನಿಂತು ತನ್ನ ಫೋನನ್ನೇ ನೋಡುತ್ತಿದ್ದ.

ಅಲ್ಲಿದ್ದ ಹಲವರು ವಿಡಿಯೋ ಮಾಡಿಕೊಂಡಿದ್ದರು. ಅದು ನಮ್ಮವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಕೆಲವರು ಭೇಷ್ ಎಂದರು. ಕೆಲವರು, "ನಮ್ಮ ಹುಡುಗನ ಬಿಸಿನೆಸ್ ಹಾಳು ಮಾಡಿದರು, ಅದೂ ಹೊರಗಿನವರ ಎದುರು," ಎಂದರು. ಡಾಲಸ್ಸಿನ ಒಂದು ದೀಪಾವಳಿ ಊಟದಲ್ಲಿ ಹಿರಿಯರೊಬ್ಬರು ನನ್ನ ತಟ್ಟೆಯ ಪಕ್ಕ ಬಂದು, "ನಮಗೆ ನಮ್ಮ ಆಯುರ್ವೇದ ಇರುವಾಗ ಈ ಚೀನೀಯರ ಸಹವಾಸ ಯಾಕಮ್ಮ ಬೇಕಿತ್ತು?" ಎಂದರು. ಅವರಿಗೂ ಉತ್ತರ ಕೊಟ್ಟೆ. ಊಟ ಅರ್ಧಕ್ಕೆ ಬಿಟ್ಟು ಹೋದರು.

ಕೊನೆಗೆ ವಕೀಲರು ವಕೀಲರು ಮಾತಾಡಿದರು. ಕಂಪನಿ ನನ್ನ ವಿಡಿಯೋಗಳನ್ನೆಲ್ಲ ತೆಗೆಯಿತು, ಆ ಪುಡಿಯನ್ನು ನಿಲ್ಲಿಸಿತು. ನಾನು ಅವರ ಹೆಸರನ್ನು ಎಲ್ಲಿಯೂ ಎತ್ತಬಾರದು. ಸಹಿ ಹಾಕಿದೆ. ವರ್ಷ ತುಂಬುವ ಮೊದಲೇ ಅದೇ ಕಪ್ಪು ಪೊಟ್ಟಣದಲ್ಲಿ ಅಶ್ವಗಂಧ ಬಂತು. ಚೀನೀ ಮುನಿಯ ಜಾಗದಲ್ಲಿ ನಮ್ಮ ಋಷಿ ಕೂತಿದ್ದ. ಜುಟ್ಟು ಮಾತ್ರ ಅದೇ ಕಡುಗಪ್ಪು. ನನ್ನಂಥ ಇನ್ನೊಬ್ಬ ಆಂಟಿಯನ್ನು ಹುಡುಕಿರಬೇಕು.

ಗುವೋ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ವಯಸ್ಸಾಗಿತ್ತು, ಕಿವಿ ಮಂದ. ಎರಡು ಸಲ ಹೇಳಬೇಕಾಯಿತು. "ಕಥೆ ಹೇಳುವ ಮೊದಲು ಎಚ್ಚರಿಕೆ ಹೇಳು. ಎಚ್ಚರಿಕೆಯ ಹೊಟ್ಟೆಯೊಳಗೇ ಕಥೆಯನ್ನು ಸೇರಿಸು, ಕತ್ತರಿಸಲು ಆಗದ ಹಾಗೆ," ಎಂದರು. ಆಮೇಲೆ, "ನಿನ್ನ ದನಿ ಚೆನ್ನಾಗಿದೆ. ಬಜೆಯ ಎಲೆಯ ಹಾಗೆ ಬಾಗಿಲಿಗೆ ಕಟ್ಟಬಹುದು," ಎಂದರು. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದೂ ಅದನ್ನೇ. ಕ್ಯಾಮೆರಾ ಮುಂದೆ ನಿಂತರೆ ಅಪಾಯದ ಮಾತನ್ನೂ ಅರ್ಥದ ಮಾತನ್ನೂ ಒಂದೇ ವಾಕ್ಯದಲ್ಲಿ ಹೇಳಿ. ಏನನ್ನು ಕತ್ತರಿಸುವ ಹಕ್ಕು ಯಾರಿಗಿದೆ ಎಂದು ಸಹಿ ಹಾಕುವ ಮೊದಲು ಕೇಳಿ. ಕಾಲಿಗೆ ಬೀಳುವವರ ಕಡೆ ವಿಶೇಷ ಗಮನವಿರಲಿ.

ಲಲಿತಾ ಬದುಕಿದಳು. ಬದಲಿ ಲಿವರ್ ಬೇಕಾಗಲಿಲ್ಲ. ಪುಡಿ ನಿಂತ ಮೇಲೆ ನಿಧಾನವಾಗಿ ಲಿವರ್ ತಾನೇ ಚೇತರಿಸಿಕೊಂಡಿತು. ಮದುವೆಯಲ್ಲಿ ಅವಳು ಕುರ್ಚಿಯಲ್ಲಿ ಕೂತೇ ಧಾರೆ ಎರೆದಳು. ಮೇಕಪ್ಪಿನ ಕೆಳಗೂ ಹಳದಿ ಕಾಣುತ್ತಿತ್ತು. ನಾನು ಹೋಗಿದ್ದೆ. ಕರೆಯೋಲೆ ಮಹೇಶ ಕಳಿಸಿದ್ದರು. ಅವಳು ನನ್ನ ಕಡೆ ನೋಡಲಿಲ್ಲ. ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಬಂದೆ.

ಬಹಳ ದಿನಗಳ ಮೇಲೆ, ನಾನು ಕ್ಲಿನಿಕ್ ಮುಚ್ಚುವ ಮುಂಚಿನ ವಾರ, ಅವಳೇ ಬಂದಳು. ತಲೆ ಪೂರ್ತಿ ಬಿಳಿ, ಸಣ್ಣಗೆ ಕತ್ತರಿಸಿಕೊಂಡಿದ್ದಳು. ಖಾಲಿ ಮಾಡುತ್ತಿದ್ದ ಡ್ರಾಯರುಗಳ ನಡುವೆ ಸ್ಟೂಲು ಎಳೆದುಕೊಂಡು ಕೂತಳು. ಆಸ್ಪತ್ರೆಯ ಆ ದಿನದಿಂದ ನಾವಿಬ್ಬರೂ ಮಾತಾಡಿರಲಿಲ್ಲ.

"ಆಸ್ಟಿನ್ನಿನ ವಿಡಿಯೋ ನೋಡಿದೆ," ಎಂದಳು. "ಎಲ್ಲಾರ ಮುಂದ ಒದರಿದಿ."

"ಹೂಂ."

"ಕಥಿ ಅರ್ಥ ಹೇಳೂದು ಉಳೀತು ಅಂತ ಹೇಳಾಕತ್ತಿದ್ದಿ, ಅಷ್ಟರಾಗ ಅವ ಕೈ ಹಿಡದ. ಏನಿತ್ತು ಅದು?"

ನಾನು ಡ್ರಾಯರು ಕೆಳಗಿಟ್ಟು ಹೇಳಿದೆ. ಗುವೋ ಮೇಡಂರ ಅಪ್ಪ ಹೇಳುತ್ತಿದ್ದ ಹಾಗೆಯೇ ಹೇಳಿದೆ. ಆ ವೃದ್ಧನಿಗೆ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ, ತನಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬಳ್ಳಿಗಳು ತಬ್ಬಿಕೊಳ್ಳುವುದನ್ನು, ಬಿಡುವುದನ್ನು, ಮತ್ತೆ ತಬ್ಬಿಕೊಳ್ಳುವುದನ್ನು ನೋಡಿದ. ಅವನಿಗೆ ಮತ್ತೆ ಬದುಕಬೇಕೆನಿಸಿದ್ದು ಆಗ. ಬೇರನ್ನು ಅಗೆದದ್ದು ಮರುದಿನ. ಕೂದಲು ಕಪ್ಪಾಯಿತೆಂದು ಜನ ಹೇಳುವುದು, ಮನಸ್ಸು ತಿರುಗಿ ಹಸಿರಾಯಿತು ಎಂಬುದಕ್ಕೆ. ನೋಡಿದ್ದೇ ಅವನ ಔಷಧಿ. ಬೇರು ಬರೀ ಬೇರು.

ಲಲಿತಾ ಬಿಳಿ ತಲೆಯ ಮೇಲೆ ಕೈ ಆಡಿಸಿಕೊಂಡಳು.

"ಇದನ್ನ ಕೇಳಿದ್ರ ನಾ ಆ ಪುಡಿ ಕೊಳ್ತಿರ್ಲಿಲ್ಲಲ್ಲೇ, ಸುಮಂಗಲಾ."

"ಯಾರೂ ಕೊಳ್ತಿರ್ಲಿಲ್ಲ," ಎಂದೆ. "ಅದಕ್ಕ ಕತ್ತರಿಸಿದ್ರು."